ಎಂಜಿನ್ ಮುಚ್ಚಳದ ಕುಂಕುಮ

ಬೀಗ ಹಾಕಿ ಹೊರಟ ಮೇಲೆ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಬರುವವರ ಗುಂಪಿಗೆ ಸೇರಿದವನು ನಾನು. ಬಂದು, ಜಗ್ಗಿ ನೋಡಿ, ಹಾಗೆ ಜಗ್ಗಿದ್ದರಿಂದಲೇ ಬೀಗ ಸಡಿಲವಾಗಿರಬಹುದೇ ಎಂದು ಸ್ಟ್ಯಾನ್ಮೋರ್ ಸ್ಟೇಷನ್ ತನಕ ಯೋಚಿಸುತ್ತ ಹೋಗುತ್ತೇನೆ. ಲಂಡನ್ನಿನ ಕ್ಯಾನರಿ ವಾರ್ಫ್‌ನ ಬ್ಯಾಂಕೊಂದರಲ್ಲಿ ನನ್ನ ಕೆಲಸವೂ ಇಂಥದ್ದೇ. ಬೇರೆಯವರು ಬರೆದ ಪ್ರೋಗ್ರಾಮು ಎಲ್ಲಿ ಕೆಡಬಹುದು ಎಂದು ಮೊದಲೇ ಹೇಳುವುದು. ಅಲ್ಲಿ ಈ ಗುಣಕ್ಕೆ ಸಂಬಳ ಸಿಗುತ್ತದೆ, ಮನೆಯಲ್ಲಿ ಬೈಗುಳ. ಹೆಂಡತಿ ವೀಣಾ ಧಾರವಾಡದವಳು, ಆಸ್ಪತ್ರೆಯಲ್ಲಿ ಆಪರೇಷನ್‌ಗೆ ಮೊದಲು ಅರಿವಳಿಕೆ ಕೊಡುವ ಡಾಕ್ಟರು. ಎಂತೆಂಥವರನ್ನೋ ಮಲಗಿಸಿದವಳಿಗೆ ನನ್ನೊಬ್ಬನನ್ನು ಸುಮ್ಮನಿರಿಸಲು ಇವತ್ತಿನವರೆಗೂ ಆಗಿಲ್ಲ.

ನನ್ನ ಚಡಪಡಿಕೆಯ ಬಹುಪಾಲು ನಮ್ಮ ಕಾರಿನ ವಾರಂಟಿಯ ಮೇಲಿತ್ತು. ಹಿಂದಿನ ಚಳಿಗಾಲದಲ್ಲಿ ವೀಣಾ ಡ್ಯೂಟಿಗೆ ಹೋಗುವಾಗ ನಾರ್ತ್ ಸರ್ಕ್ಯುಲರ್ ರಸ್ತೆಯ ನಟ್ಟನಡುವೆ ಗೇರ್‌ಬಾಕ್ಸ್ ಕೈಕೊಟ್ಟಿತ್ತು. ಕಂಪನಿಯವರು ವಾರಂಟಿಯಲ್ಲಿ ಹೊಸದನ್ನೇ ಹಾಕಿಕೊಟ್ಟರು. ಅವತ್ತಿನಿಂದ ಆ ವಾರಂಟಿ ಹೋದರೆ ನಮ್ಮ ಗತಿಯೇನು ಎಂಬ ಭಯ ನನಗೆ. ಅದನ್ನು ಉಳಿಸಿಕೊಳ್ಳುವ ನಿಯಮ ಸರಳವಾಗಿತ್ತು. ಪ್ರತಿ ವರ್ಷ ಹೇಳಿದ ಸಮಯಕ್ಕೆ ಕಂಪನಿಯ ಗ್ಯಾರೇಜಿನಲ್ಲೇ ಸರ್ವಿಸ್ ಮಾಡಿಸಿದರೆ ವಾರಂಟಿ ಇನ್ನೊಂದು ವರ್ಷ ಮುಂದುವರಿಯುತ್ತದೆ. ಜೊತೆಗೆ ಎಂಜಿನ್ನಿಗೆ ಅವರು ಹೇಳಿದ ದರ್ಜೆಯ ಎಣ್ಣೆಯನ್ನೇ ಹಾಕಬೇಕು. ಈ ಎರಡನೆಯ ಮಾತು ನನ್ನ ತಲೆಯಲ್ಲಿ ಎಷ್ಟು ಜಾಗ ಹಿಡಿಯಿತೆಂದರೆ ಮೊದಲನೆಯದಕ್ಕೆ ಜಾಗವೇ ಉಳಿಯಲಿಲ್ಲ.

ದಸರೆಯ ಹೊತ್ತಿಗೆ, ಸರ್ವಿಸ್ ಇನ್ನೂ ಕೆಲವು ವಾರ ಇದೆ ಎನ್ನುವಾಗ, ಎಣ್ಣೆ ಕಡಿಮೆಯಾಗಿದೆ ಎಂದು ಕಾರಿನಲ್ಲಿ ಹಳದಿ ದೀಪ ಹತ್ತಿತು. ಬಿಡಿಭಾಗದ ಅಂಗಡಿಗೆ ಹೋದೆ. ಅಡುಗೆಗಾದರೆ ಕಡಲೆಕಾಯಿ ಎಣ್ಣೆ, ಇಲ್ಲವೆಂದರೆ ಸೂರ್ಯಕಾಂತಿ, ಅಲ್ಲಿಗೆ ಮುಗಿಯಿತು. ಇಲ್ಲಿ ಗೋಡೆ ತುಂಬ ಡಬ್ಬಿಗಳು, ಡಬ್ಬಿ ತುಂಬ ಅಂಕಿ ಅಕ್ಷರಗಳು. ಕಾರಿನ ಕೈಪಿಡಿಯಲ್ಲಿದ್ದ ದರ್ಜೆಯನ್ನೇ ಹುಡುಕಿ ತಂದು, ನಾನೇ ಬಾನೆಟ್ ಎತ್ತಿ ಸುರಿದೆ. ಎಣ್ಣೆ ಹಾಕುವ ಬಾಯಿಯ ಮುಚ್ಚಳವನ್ನು ತೆಗೆದು ಪಕ್ಕದಲ್ಲಿಟ್ಟಿದ್ದೆ, ಸ್ವಲ್ಪ ಅದರ ಮೇಲೂ ಚೆಲ್ಲಿತು. ಆಮೇಲೆ ಸುಮ್ಮನಿರಲಾರದೆ ಡಬ್ಬಿಯ ಹಿಂಭಾಗ ಓದಿದೆ. ‘ಈ ದರ್ಜೆ ಬೇಕಾದ ಕಡೆ ಬಳಸಲು ಸೂಕ್ತ’ ಎಂದಿತ್ತು. ಅಂಗಡಿಯಲ್ಲಿ ಇದರ ಪಕ್ಕದಲ್ಲೇ ಇದ್ದ ಇನ್ನೊಂದು ಡಬ್ಬಿಯ ಮೇಲೆ ‘ಕಂಪನಿಯಿಂದ ಅನುಮೋದಿತ’ ಎಂದಿದ್ದದ್ದು ಆಗ ನೆನಪಾಯಿತು. ಹುಡುಗ ನಿಮ್ಮ ಹುಡುಗಿಗೆ ಸೂಕ್ತ ಎಂದು ಮದುವೆ ದಲ್ಲಾಳಿ ಹೇಳುವುದೇ ಬೇರೆ, ಹುಡುಗಿಯ ಮನೆಯವರು ಒಪ್ಪಿದ್ದೇವೆ ಎನ್ನುವುದೇ ಬೇರೆ. ನಾನು ದಲ್ಲಾಳಿಯ ಮಾತು ಕೇಳಿ ತಾಳಿ ಕಟ್ಟಿಸಿಬಿಟ್ಟಿದ್ದೆ.

ಮರುದಿನವೇ ಆಯುಧ ಪೂಜೆ, ವೀಣಾಳ ಬಾಯಲ್ಲಿ ಖಂಡೇಪೂಜೆ. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಾಯಿತು. ಕುಂಕುಮದ ಬಟ್ಟಲು ಹಿಡಿದು ಅವಳು ಬಾನೆಟ್ ತೆಗೆಯಲು ಹೇಳಿದಳು. ಹೊರಗೆ ಹಚ್ಚಿದರೆ ಸಾಲದೇ ಎಂದೆ.

“ದುಡಿಯೂದು ಎಂಜಿನ್ ಅಲ್ಲೇನ್ರೀ? ಮ್ಯಾಲಿನ ತಗಡಿಗೆ ಹಚ್ಚಿ ಏನ್ ಮಾಡೂದು?” ಎಂದು, ಒಳಗೆ ಕೈಗೆ ಸಿಕ್ಕ ಎಣ್ಣೆಯ ಮುಚ್ಚಳಕ್ಕೇ ಕುಂಕುಮ ಹಚ್ಚಿದಳು. ನಾನು ಚೆಲ್ಲಿದ್ದ ಎಣ್ಣೆಯಲ್ಲಿ ಬೆರೆತು ಅದು ಗಟ್ಟಿಯಾಗಿ ಕೂತುಬಿಟ್ಟಿತು.

ನಾನು ಮುಂದಿನದನ್ನು ಲೆಕ್ಕ ಹಾಕತೊಡಗಿದೆ. ಸರ್ವಿಸ್‌ಗೆ ಹೋದಾಗ ಮೆಕ್ಯಾನಿಕ್ ಬಾನೆಟ್ ಎತ್ತಿದ ಕೂಡಲೇ ಕಣ್ಣಿಗೆ ಬೀಳುವುದು ಆ ಕೆಂಪು. ಇದನ್ನು ಯಾರು ಮುಟ್ಟಿದರು ಎನ್ನುತ್ತಾನೆ. ಅಲ್ಲಿಂದ ಎಣ್ಣೆಯ ಸಂಗತಿ ಹೊರಗೆ ಬರಲು ಎಷ್ಟು ಹೊತ್ತು? ಮರುದಿನ ಟಿಶ್ಯೂ ಹಿಡಿದು ಹೊರಟವನನ್ನು ವೀಣಾ ಬಾಗಿಲಲ್ಲೇ ತಡೆದಳು. “ಹಚ್ಚಿದ ಕುಂಕುಮ ಕೈಲೇ ಒರಸ್ತಾರೇನ್ರೀ? ತಾನಾಗೇ ಹೋಗ್ಲಿ ಬಿಡ್ರಿ.”

ನನಗೆ ಇಂಥದ್ದರಲ್ಲಿ ನಂಬಿಕೆ ಇಲ್ಲ. ಆದರೆ ಒರೆಸಿದರೆ ಏನೂ ಆಗುವುದಿಲ್ಲ ಎಂಬ ಖಾತ್ರಿಯೂ ಇಲ್ಲ. ಆ ಕಾರಿನಲ್ಲಿ ದಿನವೂ ಹೋಗುವವಳು ಅವಳು. ಟಿಶ್ಯೂ ಜೇಬಿಗೆ ಹಾಕಿಕೊಂಡೆ. ತಾನಾಗೇ ಹೋಗಲಿ ಎಂದು ಕಾಯತೊಡಗಿದೆ. ಮಳೆಗೇನೂ ಲಂಡನ್ನಿನಲ್ಲಿ ಕೊರತೆಯಿಲ್ಲ, ಆದರೆ ಬಾನೆಟ್ಟಿನ ಒಳಗೆ ಅದು ಬರಬೇಕಲ್ಲ. ಬಿಸಿಗೆ ಒಣಗಿ ಉದುರಬಹುದೆಂದು ಕೆಲಸವಿಲ್ಲದಿದ್ದರೂ ವಾಟ್‌ಫರ್ಡ್ ತನಕ ಓಡಿಸಿಕೊಂಡು ಬಂದೆ. ಮನೆಗೆ ಬಂದು ಎತ್ತಿ ನೋಡಿದರೆ ಅದು ಇನ್ನಷ್ಟು ಹೊಳೆಯುತ್ತಿತ್ತು. ಗ್ಯಾರೇಜಿಗೆ ಫೋನ್ ಮಾಡಿ ಸರ್ವಿಸ್ ಮುಂದಕ್ಕೆ ಹಾಕಿದೆ. ದೀಪಾವಳಿ ಕಳೆಯಿತು, ಕೆಂಪು ಕಳೆಯಲಿಲ್ಲ. ಮತ್ತೆ ಮುಂದಕ್ಕೆ ಹಾಕಿದೆ. “ಅಪ್ಪಾ, ಜಸ್ಟ್ ಟೆಲ್ ದೆಮ್” ಎಂದಳು ಮಗಳು ಅನು, ಫೋನಿನಿಂದ ತಲೆ ಎತ್ತದೆ. ಹೇಳುವುದು ಅಷ್ಟು ಸುಲಭವಾಗಿದ್ದರೆ ನಾನು ನಾನಾಗಿರುತ್ತಿರಲಿಲ್ಲ.

ಅಂಗಡಿಗಳಲ್ಲಿ ಕ್ರಿಸ್ಮಸ್ ದೀಪ ಕಾಣಿಸಿಕೊಂಡ ಮೇಲೆ ಧೈರ್ಯ ಮಾಡಿ ಕಂಪನಿಯ ಗ್ಯಾರೇಜಿಗೆ ಹೋದೆ. ಕೌಂಟರಿನಲ್ಲಿದ್ದ ಹೆಂಗಸು ಬಾಯಿ ತೆರೆಯುವ ಮೊದಲೇ ಎಲ್ಲವನ್ನೂ ಒಪ್ಪಿಕೊಂಡೆ: ಸುರಿದ ಎಣ್ಣೆ, ಹಚ್ಚಿದ ಕುಂಕುಮ, ಒರೆಸದ ಕಾರಣ. ಆಕೆ ನಕ್ಕಳು. ದಸರೆ ಕಳೆದ ಮೇಲೆ ಈ ಭಾಗದ ಎಷ್ಟೋ ಕಾರುಗಳು ಬೊಟ್ಟು ಇಟ್ಟುಕೊಂಡೇ ಬರುತ್ತವಂತೆ, ಅವರಿಗೆ ಅಭ್ಯಾಸವಾಗಿದೆಯಂತೆ. ಎಣ್ಣೆಯೂ ಸರಿಯಾದ ದರ್ಜೆಯದೇ, ನಡುವೆ ಸ್ವಲ್ಪ ಸುರಿದರೆ ಯಾರೂ ಕೇಳುವುದಿಲ್ಲವಂತೆ. ಎಷ್ಟೋ ವಾರಗಳ ನಂತರ ನಾನೂ ನಕ್ಕೆ.

ಆಮೇಲೆ ಆಕೆ ಕಂಪ್ಯೂಟರ್ ನೋಡಿದಳು, ನಗು ನಿಂತಿತು. “ಆದರೆ ನೀವು ಬಹಳ ತಡಮಾಡಿದ್ದೀರಿ” ಎಂದಳು. ಸರ್ವಿಸ್ ತಡವಾದರೆ ಕಂಪನಿ ಕೊಡುವ ಹೆಚ್ಚುವರಿ ಗಡುವೂ ದಾಟಿದೆ, ವಾರಂಟಿ ಇನ್ನು ಮುಂದುವರಿಯುವುದಿಲ್ಲ. ಎರಡು ಸಲ ಏಕೆ ಮುಂದಕ್ಕೆ ಹಾಕಿದಿರಿ ಎಂದು ಪಾಪ, ಬೇಜಾರಿನಿಂದಲೇ ಕೇಳಿದಳು. ವಾರಂಟಿ ಹೋಗಬಾರದೆಂದು ಹಾಕಿದೆ ಎನ್ನುವ ಬದಲು ಕಾರಿನ ಕೀಲಿಯನ್ನು ಆಕೆಯ ಮುಂದಿಟ್ಟೆ.

ಸರ್ವಿಸ್ ಮುಗಿಸಿ ಕಾರು ಕೊಟ್ಟಾಗ ಬಾನೆಟ್ ಎತ್ತಿ ನೋಡಿದೆ. ಮುಚ್ಚಳವನ್ನು ಫಳಫಳ ಹೊಳೆಯುವ ಹಾಗೆ ಒರೆಸಿಟ್ಟಿದ್ದರು. ಬೆಳಗ್ಗೆ ಎರಡು ರಕ್ಷಣೆ ಇಟ್ಟುಕೊಂಡು ಹೋದವನು ಎರಡನ್ನೂ ಕಳೆದುಕೊಂಡು ಮನೆಗೆ ಬಂದೆ.

ಎಲ್ಲ ಕೇಳಿದ ವೀಣಾ ಬೈಯಲಿಲ್ಲ. “ಒರಸಿದವ್ರು ಅವ್ರು, ನಮಗೇನೂ ದೋಷ ಇಲ್ಲ” ಎಂದು ಒಳಗಿನಿಂದ ಕುಂಕುಮದ ಬಟ್ಟಲು ತಂದಳು. “ವಾರಂಟಿನೂ ಹೋತು, ಇನ್ ಯಾರಿಗೆ ಹೆದರ್ತೀರಿ? ತಗೀರಿ ಬಾನೆಟ್.”

ತೆಗೆದೆ. ಅವಳು ಬೆರಳು ಮುಂದೆ ಚಾಚಿದಾಗ, ಒಂದು ನಿಮಿಷ ತಾಳು ಎಂದು ನಮ್ಮ ಮನೆಯ ಗ್ಯಾರೇಜಿಗೆ ಓಡಿದೆ. ಮೂಲೆಯಲ್ಲಿ ಬಚ್ಚಿಟ್ಟಿದ್ದ ಆ ‘ಸೂಕ್ತ’ ಎಣ್ಣೆಯ ಡಬ್ಬಿ ತಂದು ಒಂದು ತೊಟ್ಟು ಮುಚ್ಚಳಕ್ಕೆ ಸವರಿದೆ.

“ಈಗ ಹಚ್ಚು. ದಪ್ಪಗೆ ಹಚ್ಚು” ಎಂದೆ. “ಇದರ ಮೇಲೆ ಹಚ್ಚಿದರೆ ಯಾವ ಕಾಲಕ್ಕೂ ಹೋಗುವುದಿಲ್ಲ.”