ನೂರ ಹದಿನಾರು ಪಾದಗಳ ಪರವಾಗಿ

ಸರ್ವೀಸ್ ವಿಭಾಗದ ಮಾನ್ಯ ವ್ಯವಸ್ಥಾಪಕರಿಗೆ,
ಅಧಿಕೃತ ಕಾರು ಡೀಲರ್ ಮಳಿಗೆ, ಅಮ್ಮಾನ್.

(ಪ್ರತಿಗಳು: ಜಬಲ್ ಅತ್ತಾಜ್‌ನ ಬೇಕರಿ ಬಾಗಿಲಿಗೆ, ಬಿಡಿಭಾಗದ ಅಂಗಡಿಯ ಗೋಡೆಗೆ, ಡ್ರೈವಿಂಗ್ ಪರೀಕ್ಷೆಯ ಮೈದಾನದ ಹೊರಗಿನ ಚಹಾ ಗಾಡಿಗೆ.)

ಮಾನ್ಯರೇ,

ತಮಗೂ, ತಮ್ಮ ಗಾಜಿನ ಮಳಿಗೆಗೂ, ಜುಲೈ ತಿಂಗಳಲ್ಲೂ ಸ್ವೆಟರ್ ನೆನಪಾಗುವಂತೆ ಬೀಸುವ ಅದರ ಏಸಿಗೂ, ಗ್ರಾಹಕರಿಗೆ ಪುಕ್ಕಟೆ ಕಾಫಿ ಕೊಡಲು ಸದಾ ಸಿದ್ಧವಾಗಿರುವ ಆದರೆ ಕಪ್ಪುಗಳು ಮಾತ್ರ ಎಂದೂ ಇಲ್ಲದ ತಮ್ಮ ಕಾಫಿ ಯಂತ್ರಕ್ಕೂ ನನ್ನ ಸಲಾಮು. ದೇವರು ತಮ್ಮ ಅಂಗಳದ ನೆಲವನ್ನು ಈಗಿರುವಷ್ಟೇ ಸಮತಟ್ಟಾಗಿ ಕಾಪಾಡಲಿ. ಈ ಕೊನೆಯ ಹಾರೈಕೆ ಬರೀ ಮರ್ಯಾದೆಗೆ ಹೇಳಿದ್ದಲ್ಲ. ಅದು ನನ್ನ ಹೃದಯದಿಂದ ಬಂದದ್ದು, ಯಾಕೆಂದು ಮುಂದೆ ತಿಳಿಯುತ್ತದೆ.

ನನ್ನ ಹೆಸರು ಸುಹೈಬ್, ವಯಸ್ಸು ಇಪ್ಪತ್ತು. ಹತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವನು. ಆದ್ದರಿಂದ ಈ ಪತ್ರದಲ್ಲಿ ಬರವಣಿಗೆಯ ತಪ್ಪು ಕಂಡರೆ ಅದನ್ನು ನನ್ನ ಲೆಕ್ಕಕ್ಕೇ ಹಾಕಬೇಕು, ದಯವಿಟ್ಟು ಯಾವ ಹೆಂಗಸಿನ ಪಾದದ ಲೆಕ್ಕಕ್ಕೂ ಹಾಕಬಾರದು. ನಮ್ಮ ಜಬಲ್ ಅತ್ತಾಜ್ ಗುಡ್ಡದಲ್ಲಿ ಹೆಂಗಸರಿಗೆ ಕಾರು ಓಡಿಸಲು ಕಲಿಸುವ ಇಬ್ತಿಸಾಮ್ ನನ್ನ ಚಿಕ್ಕಮ್ಮ. ಅವರಿಗಿರುವುದು ಒಂದೇ ಕಾರು. ಒಂಬತ್ತು ವರ್ಷದ ಹಿಂದೆ ತಮ್ಮಲ್ಲಿಯೇ ಕೊಂಡದ್ದು, ಆಟೊಮ್ಯಾಟಿಕ್ ಗೇರಿನದು. ಹೋದ ಚಳಿಗಾಲದಿಂದ ಅದು ಒಂದು ಹೊಸ ಅಭ್ಯಾಸ ಹಚ್ಚಿಕೊಂಡಿತು. ಏರು ಹತ್ತುವಾಗ, ಎರಡನೇ ಗೇರಿನಿಂದ ಮೂರನೆಯದಕ್ಕೆ ಹೋಗುವ ಕ್ಷಣದಲ್ಲಿ, ಹಿಂದಿನಿಂದ ಯಾರೋ ಒದ್ದಂತೆ ಮುಂದಕ್ಕೆ ಜಿಗಿಯುತ್ತಿತ್ತು.

ಈ ಜಿಗಿತದಿಂದ ಎಲ್ಲರಿಗಿಂತ ಹೆಚ್ಚು ನೊಂದವರು ರುದೈನಾ. ಚಿಕ್ಕಮ್ಮನ ಬಳಿ ಕಾರು ಕಲಿಯುತ್ತಿರುವ, ನಲವತ್ತೊಂದು ವರ್ಷದ ಈ ನೆರೆಮನೆಯವರು ದ್ರಾಕ್ಷಿ ಎಲೆಯಲ್ಲಿ ಅಕ್ಕಿ, ಮಾಂಸ ಸುತ್ತಿ ಬೇಯಿಸಿ ಮನೆಗಳಿಗೆ ಮಾರುತ್ತಾರೆ. ಪಾತ್ರೆಗಳನ್ನು ತಲುಪಿಸುವುದು ಅವರ ಮೈದುನ ಫವ್ವಾಜ್. ಇವರ ಅಡುಗೆಮನೆಯಿಂದ ನೂರು ಸುರುಳಿಗಳಾಗಿ ಹೊರಡುವ ಪಾತ್ರೆ ಗಿರಾಕಿಯ ಮನೆ ಮುಟ್ಟುವಾಗ ಎಂಬತ್ತಾರು ಆಗಿರುತ್ತದೆ. ಕೇಳಿದರೆ ಅವನು, "ಅತ್ತಿಗೆ, ರಸ್ತೆ ಸರಿ ಇಲ್ಲ, ಅಲುಗಾಡಿ ಅಲುಗಾಡಿ ಕುಗ್ಗಿ ಹೋಗಿರ್ತವೆ" ಎನ್ನುತ್ತಾನೆ, ಹೇಳುವಾಗ ತುಟಿ ಒರೆಸಿಕೊಳ್ಳುತ್ತಾನೆ. ಗಿರಾಕಿಗಳು ಒಬ್ಬೊಬ್ಬರಾಗಿ ಬಿಡುತ್ತಿದ್ದಾರೆ. ಲೈಸೆನ್ಸ್ ಬಂದರೆ ತಾವೇ ಪಾತ್ರೆ ಒಯ್ಯಬಹುದು, ಬರದಿದ್ದರೆ ಈ ರಂಜಾನಿನ ಹೊತ್ತಿಗೆ ಒಲೆ ಆರಿಸಬೇಕಾಗುತ್ತದೆ. ಅವರ ಪರೀಕ್ಷೆಯ ವಿಷಯ ಅಷ್ಟೇ, ಅಷ್ಟು ದೊಡ್ಡದು.

ಮೊದಲ ಪರೀಕ್ಷೆಯಲ್ಲಿ ಕಾರು ಏರಿನಲ್ಲಿ ಜಿಗಿದು ಪರೀಕ್ಷಕರ ಕಾಫಿ ಅವರ ಬಿಳಿ ಅಂಗಿಯ ಮೇಲೆ ಹೋಯಿತು. ಎರಡನೆಯದರಲ್ಲಿ ಅದು ಜಿಗಿದಾಗ ರುದೈನಾ ಹೆದರಿ ಬ್ರೇಕ್ ತುಳಿದರು. ಪರೀಕ್ಷಕರ ಕನ್ನಡಕ ಮುಂದಿನ ಗಾಜಿಗೆ ಬಡಿಯಿತು. ಎರಡೂ ಸಲ ಕಾಗದದಲ್ಲಿ ಬರೆದದ್ದು ಒಂದೇ: ಪಾದದಲ್ಲಿ ಹದವಿಲ್ಲ. ಮಾನ್ಯರೇ, ಆ ಹೆಂಗಸು ಮನೆಗೆ ಹೋಗಿ ಅರ್ಧ ಬೆಂದ ಮೊಟ್ಟೆಯ ಮೇಲೆ ಬರಿಗಾಲಿಟ್ಟು ಮೆಲ್ಲಗೆ ಒತ್ತುವ, ಮೆಲ್ಲಗೆ ಬಿಡುವ ಅಭ್ಯಾಸ ಮಾಡಿದರು. ಮೂರು ವಾರದಲ್ಲಿ ಒಂದು ಮೊಟ್ಟೆಯೂ ಒಡೆಯಲಿಲ್ಲ. ನಾನು ಸಾಕ್ಷಿ, ಆ ಮೊಟ್ಟೆಗಳಲ್ಲಿ ಕೆಲವನ್ನು ತಿಂದವನೂ ನಾನೇ, ತೊಳೆದು ತಿಂದೆ.

ಮೊಟ್ಟೆ ಒಡೆಯದ ಪಾದ ಕಾರನ್ನು ಒದೆಯುವುದಿಲ್ಲವೆಂದು ನಾನು ಹೇಳಿದ ಮೇಲೆ ಚಿಕ್ಕಮ್ಮ ಕಾರನ್ನು ತಮ್ಮ ಮಳಿಗೆಗೆ ತಂದರು. ತಮ್ಮ ಸಿಬ್ಬಂದಿಯ ತ್ವರಿತ ಸೇವೆಯನ್ನು ಎಷ್ಟು ಹೊಗಳಿದರೂ ಸಾಲದು. ಟೈ ಕಟ್ಟಿದ ತರುಣರೊಬ್ಬರು ಕಾರನ್ನು ತಮ್ಮ ಅಂಗಳದಲ್ಲಿ ಮೂರು ಸುತ್ತು ಓಡಿಸಿ, ಇಳಿದು, ಕೈ ಒರೆಸಿಕೊಂಡು, "ಹಾಲಿದ್ದ ಹಾಗಿದೆ ಮೇಡಂ ಗಾಡಿ" ಎಂದರು.

"ಗುಡ್ಡ ಹತ್ತಿಸಿ ನೋಡಪ್ಪಾ" ಎಂದರು ಚಿಕ್ಕಮ್ಮ.

"ಗುಡ್ಡ ನಮ್ಮ ಪಟ್ಟಿಯಲ್ಲಿಲ್ಲ ಮೇಡಂ."

ಆಮೇಲೆ ಮುದ್ರೆ ಒತ್ತಿದ ವರದಿ ಬಂತು. ಅದನ್ನು ಇಲ್ಲಿ ಅಕ್ಷರಶಃ ನಕಲು ಮಾಡುತ್ತಿದ್ದೇನೆ, ಯಾಕೆಂದರೆ ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಜನರನ್ನು ಅವಮಾನಿಸುವ ಕಲೆ ಎಲ್ಲರಿಗೂ ಬರುವುದಿಲ್ಲ: "ವಾಹನದಲ್ಲಿ ದೋಷವಿಲ್ಲ. ಗೇರ್ ಎಣ್ಣೆ ಬದಲಿಸುವ ಅಗತ್ಯ ಎಂದಿಗೂ ಇಲ್ಲ. ಜಿಗಿತಕ್ಕೆ ಕಾರಣ, ಕಲಿಯುವ ಮಹಿಳೆಯರ ಪಾದ." ಕಳೆದ ಎರಡು ವರ್ಷದಲ್ಲಿ ಆ ಕಾರಿನಲ್ಲಿ ಕಲಿತ ಹೆಂಗಸರು ಐವತ್ತೆಂಟು ಮಂದಿ. ಲೆಕ್ಕದಲ್ಲಿ ನಾನು ಶಾಲೆಯಲ್ಲಿ ಹಿಂದೆ ಇದ್ದೆ, ಆದರೆ ಐವತ್ತೆಂಟನ್ನು ಎರಡರಿಂದ ಗುಣಿಸಲು ಬರುತ್ತದೆ. ನೂರ ಹದಿನಾರು ಪಾದಗಳು ಏಕಕಾಲಕ್ಕೆ ಕೆಟ್ಟು, ಒಂದು ಗೇರ್‌ಬಾಕ್ಸ್ ಮಾತ್ರ ಕೆಡದೆ ಉಳಿದದ್ದು ಈ ನಗರದ ಭಾಗ್ಯ.

ಎಣ್ಣೆಯನ್ನು ಬದಲಿಸಲೇಬೇಕೆಂದು ಹಟ ಹಿಡಿದರೆ ಮಾಡಿಕೊಡುವಿರಾ ಎಂದು ಚಿಕ್ಕಮ್ಮ ಕೇಳಿದಾಗ, ಅಗತ್ಯವೇ ಇಲ್ಲದ ಆ ಕೆಲಸಕ್ಕೆ ನೂರ ನಲವತ್ತೈದು ದಿನಾರ್ ಆಗುತ್ತದೆಂದೂ, ಆಮೇಲೆ ಗೇರ್‌ಬಾಕ್ಸ್ ಕೆಟ್ಟರೆ ತಾವು ಹೊಣೆಯಲ್ಲವೆಂದು ರುಜು ಹಾಕಬೇಕೆಂದೂ ತಿಳಿಸಲಾಯಿತು. ಬೇಡದ್ದಕ್ಕೆ ಇಷ್ಟಾದರೆ ಬೇಕಾದದ್ದಕ್ಕೆ ಎಷ್ಟೋ ಎಂದು ಬೆಚ್ಚಿ ನಾವು ಹೊರಬಂದೆವು. ಎಣ್ಣೆಯನ್ನು ನಾನೇ ಬದಲಿಸುತ್ತೇನೆಂದು ಗೇಟಿನಲ್ಲೇ ಹೇಳಿದೆ. ಚಿಕ್ಕಮ್ಮ ನನ್ನ ಕೈಯಲ್ಲಿದ್ದ ಕೀಲಿಯನ್ನು ಕಿತ್ತುಕೊಳ್ಳಲಿಲ್ಲ.

ಶುಕ್ರವಾರ ಬೆಳಿಗ್ಗೆ ನಮ್ಮ ಬೀದಿಯಲ್ಲಿ, ನಮ್ಮ ಬೀದಿಯ ಅತ್ಯಂತ ಸಮತಟ್ಟಾದ ಜಾಗದಲ್ಲಿ, ಕಾರಿನ ನಾಲ್ಕೂ ಚಕ್ರದ ಕೆಳಗೆ ಸಮ ಎತ್ತರದ ನಾಲ್ಕು ಬಿಳಿ ಕಲ್ಲುಗಳನ್ನಿಟ್ಟೆ. ಎಣ್ಣೆ ತುಂಬುವ ಮೇಲಿನ ಬೋಲ್ಟ್ ತಿರುಗುತ್ತದೆಂದು ಖಾತರಿ ಮಾಡಿಕೊಂಡ ಮೇಲೆಯೇ ಕೆಳಗಿನದನ್ನು ಬಿಚ್ಚಿದೆ. ಇಷ್ಟು ಬುದ್ಧಿ ನನಗಿತ್ತೆಂದು ದಾಖಲಾಗಲಿ. ಮೊಸರಿನ ಬಕೆಟ್ಟಿಗೆ ಇಳಿದದ್ದು ಕಾಕಂಬಿಯಂಥ ಕಪ್ಪು ದ್ರವ, ಸುಟ್ಟ ರೊಟ್ಟಿಯ ವಾಸನೆಯದು. ಎಂದಿಗೂ ಬದಲಿಸಬೇಕಿಲ್ಲದ ಎಣ್ಣೆ ಅದೇ. ನೆರೆಯ ಅಬೂ ಶಿಹಾದೆ, ನೆಲಕ್ಕೆ ಕಲ್ಲು ಹಾಸುವ ವಯಸ್ಸಾದ ಕೆಲಸಗಾರ, ಚಹಾ ಲೋಟ ಹಿಡಿದು ಬಂದು ಬಕೆಟ್ ನೋಡಿ, "ಮುಟ್ಟಬೇಡ ಮಗನೇ, ಈ ಕೊಳೆನೇ ಅದನ್ನ ಹಿಡಿದಿಟ್ಟಿರೋದು" ಎಂದರು. ತಮ್ಮ ವರದಿಗಿಂತ ಅದು ಹೆಚ್ಚು ಪ್ರಾಮಾಣಿಕವಾದ ಅಭಿಪ್ರಾಯ, ಯಾಕೆಂದರೆ ಅದು ಕೊಳೆ ಎಂಬುದನ್ನಾದರೂ ಒಪ್ಪಿಕೊಂಡರು.

ಎಷ್ಟು ಹೊರಬಂತೋ ಅಷ್ಟೇ ಹೊಸ ಎಣ್ಣೆಯನ್ನು, ದಾಳಿಂಬೆ ರಸದ ಬಣ್ಣದ್ದನ್ನು, ನನ್ನ ತಾಯಿ ಆಲಿವ್ ಎಣ್ಣೆಗೆ ಇಟ್ಟಿದ್ದ ಲಾಳಿಕೆಯಿಂದ ಸುರಿದೆ. (ಲಾಳಿಕೆಯ ಬಗ್ಗೆ ತಾಯಿಯವರ ಪ್ರತ್ಯೇಕ ದೂರು ಇದೆ, ಅದು ನನ್ನ ಮೇಲೆ.) ನಂತರ ಗೇರ್ ರಿಪೇರಿಯ ಪುಸ್ತಕದಲ್ಲಿ ಹೇಳಿದಂತೆ ಎಂಜಿನ್ ಓಡಿಸಿ, ಎಣ್ಣೆ ಬಿಸಿಯಾದ ಮೇಲೆ, ಮಟ್ಟ ನೋಡುವ ಪಕ್ಕದ ಬೋಲ್ಟನ್ನು ತೆಗೆದೆ. ಹೆಚ್ಚಿದ್ದರೆ ಹರಿದುಹೋಗುತ್ತದೆ, ನೂಲಿನಷ್ಟು ಸಣ್ಣ ಧಾರೆಯಾದಾಗ ಮುಚ್ಚಬೇಕು. ಹರಿಯಿತು. ಅರ್ಧ ಲೀಟರಿಗೂ ಹೆಚ್ಚು ಹರಿಯಿತು. ನಾನು ಬಕೆಟ್ಟಿಗಿಂತ ಪುಸ್ತಕವನ್ನು ನಂಬಿದೆ, ಇದು ಶಾಲೆ ಬಿಟ್ಟವರಿಗೂ ಒದಗುವ ಕಷ್ಟ.

ಸಂಜೆ ಚಿಕ್ಕಮ್ಮ ಕಾರನ್ನು ಏರಿಗೆ ಬಿಟ್ಟರು. ಅದು ಜಿಗಿಯಲಿಲ್ಲ; ಹತ್ತಲೂ ಇಲ್ಲ. ಎಂಜಿನ್ ಕೂಗಾಡಿತು, ಚಕ್ರ ಕೇಳಿಸಿಕೊಳ್ಳಲಿಲ್ಲ. ಬೇಕರಿಯ ಮುಂದಿದ್ದವರೆಲ್ಲ ರೊಟ್ಟಿ ಹಿಡಿದು ನೋಡುತ್ತ ನಿಂತರು. "ನೀನು ಶಾಲೆ ಬಿಟ್ಟಿದ್ದು ಸಾಲದು ಅಂತ ಈಗ ನನ್ನ ಗೇರಿಗೂ ಶಾಲೆ ಬಿಡಿಸಿದೆಯಲ್ಲೋ!" ಎಂದು ಚಿಕ್ಕಮ್ಮ ಕಿಟಕಿಯಿಂದ ಕೂಗಿದರು. ರುದೈನಾ ಮಾತ್ರ ಏನೂ ಬೈಯಲಿಲ್ಲ. ಪರೀಕ್ಷೆ ಗುರುವಾರ ಎಂದಷ್ಟೇ ಹೇಳಿ ಮನೆಯೊಳಗೆ ಹೋದರು, ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಮಾರನೆಯ ದಿನ ತಮ್ಮಲ್ಲಿಗೆ ಫೋನ್ ಮಾಡಿದಾಗ ಆ ಟೈನವರು ನಕ್ಕು, "ಮುಟ್ಟಬೇಡಿ ಅಂತ ಹೇಳಿದ್ವಲ್ಲ? ಈಗ ಗೇರ್‌ಬಾಕ್ಸೇ ಹೊಸದು ಹಾಕಬೇಕು" ಎಂದರು. ಅಷ್ಟು ದೂರದಿಂದ, ಕಾರನ್ನು ನೋಡದೆ, ಒಂದೇ ಉಸಿರಿನಲ್ಲಿ ಕಾಯಿಲೆ ಕಂಡುಹಿಡಿದ ಅವರ ಪ್ರತಿಭೆಗೆ ನನ್ನ ನಮಸ್ಕಾರ.

ನನ್ನ ತಪ್ಪನ್ನು ಕಂಡುಹಿಡಿದದ್ದು ಅಬೂ ಶಿಹಾದೆಯವರ ಚಹಾ. ಅವರು ಲೋಟವನ್ನು, ಮತ್ತೆ ಅದೇ ಜಾಗಕ್ಕೆ ತಳ್ಳಿ ತಂದಿದ್ದ ಕಾರಿನ ಬಾನೆಟ್ ಮೇಲಿಟ್ಟು ನನ್ನನ್ನು ಸಮಾಧಾನಪಡಿಸುತ್ತಿದ್ದಾಗ, ಲೋಟದ ಒಂದು ಕಡೆ ಚಹಾ ಅಂಚಿಗೆ ಮುಟ್ಟಿದ್ದು, ಇನ್ನೊಂದು ಕಡೆ ಬೆರಳಷ್ಟು ಕೆಳಗಿದ್ದದ್ದು ಕಂಡಿತು. ಅವರು ಮನೆಗೆ ಹೋಗಿ ಗಾಜಿನೊಳಗೆ ಗುಳ್ಳೆಯಿರುವ ಮಟ್ಟಗೋಲು ತಂದು ನೆಲದ ಮೇಲಿಟ್ಟರು. ಗುಳ್ಳೆ ಒಂದು ತುದಿಗೆ ಓಡಿಹೋಗಿ ಅಲ್ಲೇ ಕೂತಿತು.

"ಇದನ್ನ ಸಪಾಟು ಅಂತೀಯಾ? ನಾಲ್ಕು ಕಲ್ಲು ಇಟ್ಟೆ ಅಂದ್ಯಲ್ಲ, ಓರೆ ನೆಲದ ಮೇಲೆ ನಾಲ್ಕೂ ಒಂದೇ ಎತ್ತರ ಇಟ್ರೆ ಓರೆನೇ ನಾಲ್ಕು ಕಲ್ಲು ಮೇಲೆ ಹೋಯ್ತು, ಅಷ್ಟೇ. ಈ ಗುಡ್ಡದಲ್ಲಿ ಹುಟ್ಟಿದವರ ಹಣೇಬರಹವೇ ಇದು ಮಗನೇ, ನಮಗೆ ಬಿದ್ದ ಕಿತ್ತಳೆ ಸ್ವಲ್ಪ ನಿಧಾನ ಉರುಳಿದ್ರೆ ಅದೇ ಮೈದಾನ."

ಮಾನ್ಯರೇ, ನಾನು ಹುಟ್ಟಿದ ಬೀದಿ ಸಮತಟ್ಟಲ್ಲವೆಂದು ನನಗೆ ಇಪ್ಪತ್ತನೇ ವಯಸ್ಸಿನಲ್ಲಿ ಗೊತ್ತಾಯಿತು. ಮಟ್ಟದ ಬೋಲ್ಟು ಇಳಿಜಾರಿನ ಕಡೆಗಿತ್ತು. ಒಳಗೆ ಇರಬೇಕಾಗಿದ್ದ ಎಣ್ಣೆಯನ್ನೇ ನಾನು ಹೆಚ್ಚಿನದೆಂದು ಹರಿಯಬಿಟ್ಟಿದ್ದೆ. ಸರಿಯಾದ ನೆಲ ಹುಡುಕುತ್ತ ನಾವಿಬ್ಬರೂ ಮಟ್ಟಗೋಲು ಹಿಡಿದು ಮಸೀದಿಯ ಅಂಗಳ, ಚೆಂಡಾಟದ ಬಯಲು, ಸಾವಿನ ಸಾಂತ್ವನಕ್ಕೆ ಬಂದವರಿಗೆ ಕುರ್ಚಿ ಹಾಕುವ ಸಭಾಂಗಣದ ಮುಂಭಾಗ ಎಲ್ಲವನ್ನೂ ಅಳೆದೆವು. ಎಲ್ಲ ಕಡೆಯೂ ಗುಳ್ಳೆ ಓಡಿತು. ಕೊನೆಗೆ ಅಬೂ ಶಿಹಾದೆ ಕಟ್ಟೆಯ ಮೇಲೆ ಕೂತು, "ಈ ಊರಲ್ಲಿ ಸಪಾಟು ನೆಲ ನನಗೆ ಗೊತ್ತಿರೋದು ಒಂದೇ. ನಾನೇ ಹಾಸಿದ್ದು. ಅಲ್ಲಿ ನೀರು ಚೆಲ್ಲಿದ್ರೆ ಯಾವ ಕಡೆ ಹೋಗಬೇಕು ಅಂತ ನೀರಿಗೇ ತಿಳಿಯಲ್ಲ" ಎಂದರು. ಅದು ತಮ್ಮ ಮಳಿಗೆಯ ಮುಂದೆ, ಅತಿಥಿಗಳ ಕಾರು ನಿಲ್ಲಿಸುವ ಜಾಗ.

ಆದ್ದರಿಂದ ಈ ಪತ್ರ ಅರ್ಧ ದೂರು, ಅರ್ಧ ತಪ್ಪೊಪ್ಪಿಗೆ. ಮಂಗಳವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ, ತಮ್ಮ ಅಪ್ಪಣೆಯಿಲ್ಲದೆ, ಹದಿನೆಂಟು ನಿಮಿಷಗಳ ಕಾಲ ನಾನು ತಮ್ಮ ನೆಲವನ್ನು ಬಳಸಿಕೊಂಡೆ. ಗೇರ್ ಇನ್ನಷ್ಟು ಕೆಡದಂತೆ ಅಬೂ ಶಿಹಾದೆಯವರ ಟ್ರಕ್ಕಿಗೆ ಹಗ್ಗ ಕಟ್ಟಿ ನಿಧಾನವಾಗಿ ತಂದೆವೆಂದು ಬರೆಯಲು ಆಸೆಯಿತ್ತು, ಆದರೆ ಅದು ಸುಳ್ಳು; ತಮ್ಮ ಮಳಿಗೆಗೆ ಪೂರ್ತಿ ಇಳಿಜಾರು, ಅದು ತಾನಾಗಿಯೇ ಬಂತು. ಚಿಕ್ಕಮ್ಮ ಎಂಜಿನ್ ಓಡಿಸುತ್ತ ಬ್ರೇಕಿನ ಮೇಲೆ ಕಾಲಿಟ್ಟು ಕೂತರು. ಎಣ್ಣೆ ಸುರಿದು, ರಟ್ಟು ಹಾಸಿಕೊಂಡು ನಾನು ಕೆಳಗೆ ನುಸುಳಿದೆ, ತೆಳ್ಳಗಿರುವುದಕ್ಕೂ ಉಪಯೋಗವಿದೆ. ಆಗ ತಮ್ಮ ಕಾವಲುಗಾರರೊಬ್ಬರ ಬೂಟು ನನ್ನ ತಲೆಯ ಬಳಿ ನಿಂತಿತು.

"ಏನಪ್ಪಾ ಮಾಡ್ತಿದೀಯಾ ಕೆಳಗೆ?"

"ಸರಾ ಬಿದ್ದಿದೆ, ಹುಡುಕ್ತಿದಾನೆ" ಎಂದರು ಚಿಕ್ಕಮ್ಮ ಮೇಲಿನಿಂದ.

"ಸರಾ ಏನೂ ಬಿದ್ದಿಲ್ಲ. ಗೇರ್ ಎಣ್ಣೆ ನೋಡ್ತಿದೀನಿ" ಎಂದೆ ನಾನು ಕೆಳಗಿನಿಂದ. ಚಿಕ್ಕಮ್ಮ ಹಲ್ಲು ಕಚ್ಚಿದ್ದು ನನಗೆ ನೆಲದವರೆಗೂ ಕೇಳಿಸಿತು.

ಬೂಟು ಒಂದು ಹೆಜ್ಜೆ ಹತ್ತಿರ ಬಂತು. ಆಮೇಲೆ ಅವರು ಮೊಣಕಾಲೂರಿ ಬಗ್ಗಿ, ಮೆತ್ತಗೆ, "ನನ್ನ ಗಾಡಿನೂ ಏರಲ್ಲಿ ಒದೆಯುತ್ತೆ. ಇಲ್ಲಿ ಕೇಳಿದ್ರೆ ನನ್ನ ಕಾಲಿಂದೇ ತಪ್ಪು ಅಂದ್ರು. ನಿಧಾನ ಮಾಡು, ನಾನು ಆ ಕಡೆ ತಿರುಗಿ ನಿಂತಿರ್ತೀನಿ" ಎಂದರು. ಅವರ ಹೆಸರನ್ನು ತಾವು ಎಷ್ಟು ಕೇಳಿದರೂ ನಾನು ಹೇಳುವುದಿಲ್ಲ. ಸುಳ್ಳು ಹೇಳುವುದಿಲ್ಲವೆಂದರೆ ಎಲ್ಲವನ್ನೂ ಹೇಳುತ್ತೇನೆಂದಲ್ಲ.

ತಮ್ಮ ನೆಲದ ಮೇಲೆ ಎಣ್ಣೆ ನೂಲಿನಷ್ಟು ಸಣ್ಣಗೆ, ನೇರವಾಗಿ ಇಳಿಯಿತು. ಬೋಲ್ಟ್ ಮುಚ್ಚಿದೆ. ಚೆಲ್ಲಿದ ಎರಡು ಹನಿಯನ್ನು ನನ್ನ ಅಂಗಿಯಿಂದ ಒರೆಸಿದೆ. ಮನೆಗೆ ಬರುವ ಏರು ರಸ್ತೆಯಲ್ಲಿ ಅಬೂ ಶಿಹಾದೆ ಹಿಂದಿನ ಸೀಟಿನಲ್ಲಿ ತುಂಬಿದ ಚಹಾ ಲೋಟ ಹಿಡಿದು ಕೂತಿದ್ದರು; ಎರಡರಿಂದ ಮೂರನೇ ಗೇರಿಗೆ ಹೋದದ್ದು ಅವರ ತೊಡೆಗೆ ಗೊತ್ತಾಗಲಿಲ್ಲ.

ಹೀಗಾಗಿ ತಮ್ಮ ಮಳಿಗೆಯ ಸೇವೆಗಳಲ್ಲೆಲ್ಲ ಶ್ರೇಷ್ಠವಾದದ್ದು ಅದರ ನೆಲವೆಂದು ಈ ಮೂಲಕ ಘೋಷಿಸುತ್ತೇನೆ. ಆ ನೆಲ ನಮ್ಮ ಕಾರಿನ ಕಾಯಿಲೆಯನ್ನು ತಮಗೆ ತೋರಿಸಲೂ ಇಲ್ಲ, ಅದನ್ನು ಗುಣಪಡಿಸಲು ನಮಗೆ ಸಹಾಯ ಮಾಡದೆಯೂ ಇರಲಿಲ್ಲ. ಇಷ್ಟು ನಿಷ್ಪಕ್ಷಪಾತಿಯಾದ ನೌಕರ ತಮ್ಮಲ್ಲಿ ಇನ್ನೊಬ್ಬರಿಲ್ಲ, ಅದಕ್ಕೆ ಬಡ್ತಿ ಕೊಡಿ. ತಮ್ಮ ಪರೀಕ್ಷೆಯ ಪಟ್ಟಿಗೆ ಒಂದು ಗುಡ್ಡವನ್ನು ಸೇರಿಸಿ; ತರಿಸಿಕೊಳ್ಳುವುದು ಕಷ್ಟವಾದರೆ ನಮ್ಮಲ್ಲಿ ಏಳೆಂಟು ಹೆಚ್ಚಿಗೆ ಇವೆ, ಒಂದನ್ನು ಒಯ್ಯಬಹುದು. ಬದಲಿಗೆ ಒಂದು ಕಾರು ನಿಲ್ಲುವಷ್ಟು ಸಮತಟ್ಟು ನೆಲವನ್ನು ಚಾಪೆಯಂತೆ ಸುತ್ತಿ ಕಳಿಸಿಕೊಡಿ. ಮತ್ತು ನೂರ ಹದಿನಾರು ಪಾದಗಳ ಕ್ಷಮೆಯನ್ನು, ಎಡ ಬಲ ಬೇರೆ ಬೇರೆಯಾಗಿ, ಮುದ್ರೆ ಒತ್ತಿದ ಕಾಗದದಲ್ಲಿ ಕೇಳಿ. ತಮ್ಮಲ್ಲಿ ಮುದ್ರೆಗೆ ಕೊರತೆಯಿಲ್ಲ.

ಗುರುವಾರದ ಪರೀಕ್ಷೆಯ ಫಲಿತಾಂಶವನ್ನು ಮುಚ್ಚಿಡಬಹುದಿತ್ತು, ಆದರೆ ಆಗುವುದಿಲ್ಲ. ರುದೈನಾ ಏರಿನಲ್ಲಿ ನಿಂತರು, ಹೊರಟರು, ಪರೀಕ್ಷಕರ ಕಾಫಿ ಕದಲಲಿಲ್ಲ. ಆಮೇಲೆ ಹಿಂದಕ್ಕೆ ತೆಗೆದು ನಿಲ್ಲಿಸುವಾಗ ಕಿತ್ತಳೆ ಬಣ್ಣದ ಒಂದು ಕೋನ್ ಕೆಡವಿ, ಮೂರನೇ ಸಲವೂ ಅನುತ್ತೀರ್ಣರಾದರು. ಕಾರಿನಿಂದ ಇಳಿದವರೇ ಮೈದಾನ ದಾಟಿ ಓಡಿಬಂದು, ಮದುವೆಯ ಸುದ್ದಿ ಹೇಳುವವರಂತೆ, "ಸುಹೈಬ್! ಕಾರಿಂದಲ್ಲ ಕಣೋ, ಈ ಸಲ ತಪ್ಪು ನಂದೇ! ನಾನೇ ತಿರುಗಿ ನೋಡಲಿಲ್ಲ!" ಎಂದರು. ಅವರ ಕಣ್ಣು ಒದ್ದೆಯಾಗಿತ್ತು, ಮುಖ ನಗುತ್ತಿತ್ತು. ತನ್ನದೇ ಆದ ತಪ್ಪನ್ನು ತಿದ್ದಿಕೊಳ್ಳಬಹುದಲ್ಲ, ಮಾನ್ಯರೇ. ಅಂದಿನಿಂದ ಅವರ ಅಂಗಳದಲ್ಲಿ ಮೊಟ್ಟೆಗಳ ಬದಲು ಟೊಮೆಟೊ ಡಬ್ಬಿಗಳು ಕೋನ್‌ಗಳಂತೆ ಸಾಲಾಗಿ ನಿಂತಿವೆ.

ತಮ್ಮ ಮಳಿಗೆ ಬಾಳಲಿ, ನೆಲ ಓರೆಯಾಗದಿರಲಿ.

ತಮ್ಮ ವಿಶ್ವಾಸಿ,
ಸುಹೈಬ್
ಜಬಲ್ ಅತ್ತಾಜ್, ಬೇಕರಿಯ ಮೇಲಿನ ಮೆಟ್ಟಿಲು, ಅಮ್ಮಾನ್

ತಾ.ಕ.: ಈ ಪತ್ರವನ್ನು ಮೂರು ವಾರ ತಡೆದಿಟ್ಟದ್ದಕ್ಕೆ ಕ್ಷಮಿಸಿ. ಅಂಚೆಯ ಮೇಲೆ ನಂಬಿಕೆಯಿಲ್ಲದೆ ಕೈಯಲ್ಲೇ ಕಳಿಸುತ್ತಿದ್ದೇನೆ. ಇದನ್ನು ತಮಗೆ ಕೊಡುತ್ತಿರುವ ಕಂದು ಬೂಟಿನ ಹೆಂಗಸು ಜಬಲ್ ಅತ್ತಾಜ್‌ನಿಂದ ತಾವೇ ಕಾರು ಓಡಿಸಿಕೊಂಡು ಬಂದಿದ್ದಾರೆ. ಹಿಂದಿನ ಸೀಟಿನಲ್ಲಿ ನೂರು ಸುರುಳಿಯ ಪಾತ್ರೆಯಿದೆ, ಗಿರಾಕಿಯ ಮನೆ ಮುಂದಿನ ಬೀದಿಯಲ್ಲಿದೆ, ಆದ್ದರಿಂದ ಅವರನ್ನು ಹೆಚ್ಚು ಹೊತ್ತು ನಿಲ್ಲಿಸಿಕೊಳ್ಳಬೇಡಿ. ಅವರ ಪಾದಗಳನ್ನು ಚೆನ್ನಾಗಿ ನೋಡಿ. ದೋಷ ಕಂಡರೆ ವರದಿ ಬರೆದು, ಮುದ್ರೆ ಒತ್ತಿ, ಅವರ ಕೈಗೇ ಕೊಡಿ.