ಮಲಗಿದ್ದ ರೋಗಾಣು

ಎಲ್ಲ ಕೆಟ್ಟದ್ದು ಮ್ಯಾನೇಜರು ಫೋನಿನ ಸ್ಪೀಕರ್ ಗುಂಡಿ ಒತ್ತಿದ್ದರಿಂದ. "ನಿಮ್ಮ ಕರಡು ತಿದ್ದೋರ ರಕ್ತದಲ್ಲಿ ಕ್ಷಯದ ಸೋಂಕು ಇದೆ" ಎಂದು ಪ್ರಯೋಗಾಲಯದವರು ಹೇಳಿದ್ದು ಇಡೀ ಮುದ್ರಣಾಲಯದ ಕಿವಿಗೆ ಬಿತ್ತು.

ಹೋದ ತಿಂಗಳು ಬೈಂಡರಿಗೆ ಕ್ಷಯ ಕಾಣಿಸಿಕೊಂಡಿದ್ದರಿಂದ ಎಲ್ಲರಿಗೂ ಹೊಸ ಬಗೆಯ ರಕ್ತಪರೀಕ್ಷೆ ನಡೆದಿತ್ತು. ರಕ್ತದ ಕಣಗಳಿಗೆ ರೋಗಾಣುವಿನ ತುಣುಕು ತೋರಿಸಿ, ಹಳೆಯ ಪರಿಚಯ ಉಂಟೇ ಎಂದು ಕೇಳುವ ಪರೀಕ್ಷೆ. ಕರಡು ತಿದ್ದುವವನ ರಕ್ತ "ಗೊತ್ತು" ಎಂದಿತ್ತಂತೆ. ಅವನಿಗೇ ಆಶ್ಚರ್ಯ. ಒಂಟಿ ಜೀವ, ಅವನಿಗೆ ಪರಿಚಯದವರೇ ಕಡಿಮೆ.

"ರೋಗಾಣು ಮಲಗಿದೆ ಅಷ್ಟೇ. ಮಲಗಿರೋದು ಯಾರಿಗೂ ಹರಡಲ್ಲ," ಎಂದ ಅವನು, ಪರೀಕ್ಷೆಗೆ ಮೊದಲು ಕೊಟ್ಟ ಚೀಟಿಯಲ್ಲಿ ಓದಿದ್ದನ್ನು ನೆನೆದು.

"ನಮ್ಮ ಮಾವನೂ ಮಲಗೇ ಇದ್ದ. ಎದ್ದಮೇಲೆ ಮನೆ ಮುರಿದ," ಎಂದಳು ಅಕ್ಷರ ಜೋಡಿಸುವ ಅಕ್ಕ, ಮೂಗು ಮುಚ್ಚಿಕೊಂಡು.

ಮ್ಯಾನೇಜರು ಅವನ ಮೇಜನ್ನು ಕಾಗದದ ಗೋದಾಮಿಗೆ ಹಾಕಿಸಿದರು. ಕರಡುಗಳು ಬಾಗಿಲ ಸಂದಿಯಿಂದ ಬಂದವು, ಜೈಲಿನ ಊಟದಂತೆ. ತಿದ್ದಿದ ಹಾಳೆಯನ್ನು ಯಂತ್ರದವನು ಇಕ್ಕಳದಲ್ಲಿ ಹಿಡಿದು ಒಯ್ದ, ಸತ್ತ ಇಲಿಯ ಹಾಗೆ. ಗೋದಾಮಿನ ಧೂಳಿಗೆ ಒಂದು ಸೀನು ಬಂತು ನೋಡಿ, ಆಚೆ ಅಚ್ಚಿನ ಯಂತ್ರವೇ ನಿಂತಿತು!

ಮಧ್ಯಾಹ್ನ ಗೋಡೆಯಾಚೆ ಎಲ್ಲರೂ ಉದ್ದನೆಯ ಮೇಜಿನ ಸುತ್ತ ನಗುತ್ತಿದ್ದರು. ಇಷ್ಟು ವರ್ಷ ಆ ಮೇಜಿನ ತುದಿಯಲ್ಲಿ ಕೂತು ಅವನು ಆಡಿದ ಮಾತು ಅಷ್ಟಕ್ಕಷ್ಟೇ. ಆದರೂ ಉಪ್ಪು ಕೇಳಲಾದರೂ ಯಾರೋ "ಏನ್ರೀ" ಎನ್ನುತ್ತಿದ್ದರು. ಇವತ್ತು ಊಟದ ಡಬ್ಬಿ ತೆರೆಯಲು ಮನಸ್ಸಾಗಲಿಲ್ಲ.

ಸಂಜೆ ಪ್ರಯೋಗಾಲಯದ ಡಾಕ್ಟರಮ್ಮನೇ ಬಂದರು. "ಕ್ಷಮಿಸಿ, ಎರಡು ಕೊಳವೆ ಅದಲುಬದಲಾಗಿತ್ತು. ಕರಡು ತಿದ್ದೋರಿಗೆ ಏನೂ ಇಲ್ಲ. ಸೋಂಕು ಇರೋದು ಮ್ಯಾನೇಜರಿಗೆ."

ಎಲ್ಲರೂ ಮ್ಯಾನೇಜರಿಂದ ಮಾರು ದೂರ ಹಾರಿದರು.

"ಹಾರಬೇಡಿ, ಮಿಕ್ಕವರ ಫಲಿತಾಂಶ ಈಗಷ್ಟೇ ಬಂತು. ಕರಡು ತಿದ್ದೋರೊಬ್ಬರನ್ನು ಬಿಟ್ಟು ನಿಮಗೆಲ್ಲರಿಗೂ ಇದೆ! ಇದು ಕಾಯಿಲೆ ಅಲ್ಲ, ಹರಡೋದೂ ಇಲ್ಲ. ಮಾತ್ರೆ ನುಂಗಿದ್ರೆ ಆಯ್ತು," ಎಂದು ಹೇಳಿ ಅವರು ಹೊರಟುಹೋದರು.

ಕರಡು ತಿದ್ದುವವನು ಉತ್ಸಾಹದಿಂದ ಮೇಜು ಎಳೆದುಕೊಂಡು ಬಂದ. ಒಳಗೆ ಆಗಲೇ ಗಲಗಲ. ಯಾರ ಮಾತ್ರೆ ಎಷ್ಟು ಕಹಿ, ಯಾರು ಯಾರಿಗೆ ನೆನಪಿಸಬೇಕು ಎಂಬ ಚರ್ಚೆ. ಮ್ಯಾನೇಜರು ಯಂತ್ರದವನ ಹೆಗಲ ಮೇಲೆ ಕೈ ಹಾಕಿ ನಿಂತಿದ್ದರು.

"ನಾನೂ ಬರ್ಲಾ?"

ಅಕ್ಕ ಓಡಿಬಂದು ಬಾಗಿಲಿಗೆ ಅಡ್ಡ ನಿಂತಳು. "ಅಯ್ಯೋ, ಬೇಡಪ್ಪಾ! ಇಲ್ಲಿ ಚೊಕ್ಕಟವಾಗಿರೋನು ನೀನೊಬ್ಬನೇ. ನಮ್ಮದು ತಗುಲಿದ್ರೆ ಪಾಪ ಯಾರಿಗೆ?"

"ಆದ್ರೆ ಡಾಕ್ಟ್ರೇ ಹೇಳಿದ್ರಲ್ಲ..."

"ಡಾಕ್ಟ್ರಿಗೇನು, ಹೇಳಿ ಹೋದ್ರು. ನಮಗೆ ನೀನು ಬೇಕಲ್ಲಪ್ಪಾ!"

ಯಾರಾದರೂ ಅವನಿಗೆ ಆ ಮಾತು ಹೇಳಿದ್ದು ಅದೇ ಮೊದಲು. ಹೇಳಿದವಳು ಕದ ಹಾಕಿ ಚಿಲಕ ಜಡಿದಳು.