ಮೊದಲ ದಿನ, ಮೊದಲ ಆಟ

ಅಭಿಮಾನಿಯಾದವನು ಕೈ ಕುಲುಕಿ, ಫೋಟೋ ತೆಗೆಸಿಕೊಂಡು, ಬಾಯಿ ಮುಚ್ಚಿಕೊಂಡು ಬರಬೇಕು. ಪುಟ್ಟಸ್ವಾಮಿ ಮಾತಾಡಿದ. ಅಲ್ಲಿಗೆ ಅವನ ಶುಕ್ರವಾರ ಕೆಟ್ಟಿತು.

ಮಾತಾಡಿದ್ದು ಗುರುವಾರ ಸಂಜೆ, ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನ ಡಾಕ್ಟರ್ ಕಮರುದ್ದೀನ್ ಮನೆಯ ಊಟದಲ್ಲಿ. ಅತಿಥಿಯಾಗಿ ಬಂದಿದ್ದವನು ಹಿಂದಿ ಚಿತ್ರಗಳ ನಾಯಕ ಸುಧೀರ್ ಸಾರಂಗ್. ಇಪ್ಪತ್ತು ವರ್ಷದ ಹಿಂದೆ ಭರ್ಜರಿಯಾಗಿ ಓಡಿದ ಒಂದೇ ಒಂದು ಚಿತ್ರದ ಬಲದ ಮೇಲೆ ಅವನು ಇನ್ನೂ ಹೀರೋ ಆಗಿಯೇ ಉಳಿದಿದ್ದ. ಬೇರೆ ನಿರ್ಮಾಪಕರು ಕರೆಯುವುದನ್ನು ನಿಲ್ಲಿಸಿದ ಮೇಲೆ ತಾನೇ ನಿರ್ಮಾಪಕನಾಗಿ ತನ್ನನ್ನು ತಾನೇ ಕರೆದುಕೊಂಡಿದ್ದ. ಐವತ್ತು ದಾಟಿದ್ದರೂ ಪ್ರತಿ ಚಿತ್ರದಲ್ಲೂ ಪುಸ್ತಕ ಹಿಡಿದು ಕಾಲೇಜಿಗೆ ಹೋಗುತ್ತಿದ್ದ. ಬೊಂಬಾಯಿಯಲ್ಲಿ ಓಡದ ಚಿತ್ರಗಳೂ ಇಂಗ್ಲೆಂಡಿನಲ್ಲಿ ಓಡುತ್ತವೆ ಎಂದು ಸುದ್ದಿಯಿದ್ದ ಕಾಲ ಅದು. ಶುಕ್ರವಾರ ಎರಡೂ ಕಡೆ ಒಟ್ಟಿಗೇ ಬಿಡುಗಡೆಯಾಗಲಿದ್ದ ಹೊಸ ಚಿತ್ರದ ಪ್ರಚಾರಕ್ಕೆ ಅವನು ಬರ್ಮಿಂಗ್‌ಹ್ಯಾಮಿಗೆ ಬಂದಿದ್ದ.

ಪುಟ್ಟಸ್ವಾಮಿ ಕೊವೆಂಟ್ರಿಯ ಒಂದು ಕಾರು ಕಂಪನಿಯಲ್ಲಿ ಇಂಜಿನಿಯರ್. ಮೈಸೂರಿನ ಕಾಲೇಜು ದಿನಗಳಿಂದಲೂ ಸಾರಂಗ್‌ನ ಭಕ್ತ. ಊಟದ ತಟ್ಟೆ ಹಿಡಿದೇ ಸಾರಂಗ್‌ನ ಪಕ್ಕಕ್ಕೆ ನುಗ್ಗಿ, ತನಗೆ ಗೊತ್ತಿದ್ದ ಹಿಂದಿಯಲ್ಲಿ ಹೇಳಿದ. ಆ ಹಿಂದಿಯನ್ನು ಓದುಗರ ಮೇಲೆ ಹೇರುವುದು ಬೇಡ. ಕನ್ನಡದಲ್ಲಿ ಅದು ಹೀಗಾಗುತ್ತದೆ:

"ಸರ್, ನಿಮ್ಮ ಒಂದೊಂದು ಪಿಕ್ಚರನ್ನೂ ಮೊದಲ ದಿನ, ಮೊದಲ ಆಟಕ್ಕೇ ಹೋಗಿ ನೋಡಿದ್ದೀನಿ. ಒಂದನ್ನು ಬಿಟ್ಟು."

"ಯಾವುದು ಬಿಟ್ಟಿರಿ?" ಎಂದ ಸಾರಂಗ್, ಪ್ರೀತಿಯಿಂದಲೇ.

"ನೀವು ಪೊಲೀಸೂ ಆಗಿ ಕಳ್ಳನೂ ಆಗಿದ್ರಲ್ಲ, ಅದು. ಆವಾಗ ನನಗೆ ಕಾಮಾಲೆ ಆಗಿತ್ತು ಸರ್."

ಸಾರಂಗ್‌ನ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅವನ ಜೀವಮಾನದಲ್ಲಿ ಓಡಿದ ಚಿತ್ರ ಅದೊಂದೇ. ಪುಟ್ಟಸ್ವಾಮಿ ನೋಡಿದ್ದವೆಲ್ಲ ವಾರ ಕಳೆಯುವುದರೊಳಗೆ ಡಬ್ಬ ಸೇರಿದ್ದವು.

ಮರುದಿನ ಬೆಳಿಗ್ಗೆ ಪುಟ್ಟಸ್ವಾಮಿ ರಜೆ ಹಾಕಿ, ಶರ್ಟಿಗೆ ಇಸ್ತ್ರಿ ಮಾಡಿ, ಬರ್ಮಿಂಗ್‌ಹ್ಯಾಮಿನ ಥಿಯೇಟರಿನ ಮಧ್ಯಾಹ್ನದ ಮೊದಲ ಆಟದ ಟಿಕೆಟ್ಟನ್ನು ಜೇಬಿನಲ್ಲಿಟ್ಟುಕೊಂಡು ಕಾಫಿ ಕುಡಿಯುತ್ತಿದ್ದಾಗ ಬಾಗಿಲ ಗಂಟೆ ಹೊಡೆಯಿತು. ಹೊರಗೆ ಡಾಕ್ಟರ್ ಕಮರುದ್ದೀನ್ ನಿಂತಿದ್ದರು. ಅವರ ಹಿಂದೆ, ಮೋಡ ಕವಿದ ಬೆಳಕಿನಲ್ಲೂ ಕಪ್ಪು ಕನ್ನಡಕ ಹಾಕಿಕೊಂಡು ಸಾಕ್ಷಾತ್ ಸಾರಂಗ್.

"ಪುಟ್ಟಸ್ವಾಮಿಯವರೇ, ಬೇಜಾರು ಮಾಡ್ಕೋಬೇಡಿ," ಎಂದರು ಡಾಕ್ಟರು. "ಸಾಹೇಬ್ರು ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ. ನೀವಿವತ್ತು ಪಿಕ್ಚರ್‌ಗೆ ಹೋಗಬಾರದಂತೆ."

"ಯಾಕೆ ಡಾಕ್ಟ್ರೇ?"

"ನೀವು ನೋಡಿದ್ದೆಲ್ಲ ಬಿದ್ದಿದೆ, ನೋಡದೇ ಇದ್ದದ್ದು ಓಡಿದೆ. ನಾನು ಸೈನ್ಸ್ ಓದಿದವನು, ಇಂಥದ್ದೆಲ್ಲ ನಂಬಲ್ಲ. ಆದ್ರೂ ಒಂದ್ಸಲ ಟ್ರೈ ಮಾಡಿ ನೋಡೋದ್ರಲ್ಲಿ ತಪ್ಪೇನಿದೆ?"

ಸಾರಂಗ್ ಮುಂದೆ ಬಂದು ಪುಟ್ಟಸ್ವಾಮಿಯ ಎರಡೂ ಕೈ ಹಿಡಿದುಕೊಂಡ. "ತಮ್ಮಾ, ಇದೊಂದು ಬಿದ್ದರೆ ನಾನು ಹೀರೋನ ಅಪ್ಪನಾಗಬೇಕು. ಬಿಳಿ ವಿಗ್ ಹಾಕಿಕೊಂಡು, ಕೆಮ್ಮಿಕೊಂಡು, ಮಗಳ ಮದುವೆ ಚಿಂತೆಯಲ್ಲಿ ಸಾಯಬೇಕು. ನನ್ನನ್ನು ಅಪ್ಪನಾಗಲು ಬಿಡಬೇಡಿ."

ಪುಟ್ಟಸ್ವಾಮಿಗೆ ಇಷ್ಟು ವರ್ಷ ತಾನು ಚಪ್ಪಾಳೆ ತಟ್ಟುತ್ತ ಈ ಮನುಷ್ಯನನ್ನು ಮುಳುಗಿಸುತ್ತಿದ್ದೆನೇ ಎನ್ನಿಸಿ ಬಹಳ ನೋವಾಯಿತು. ಟಿಕೆಟ್ ತೆಗೆದು ಡಾಕ್ಟರ ಕೈಗೆ ಕೊಟ್ಟುಬಿಟ್ಟ. ಆದರೂ ಸಾರಂಗ್‌ಗೆ ನಂಬಿಕೆ ಬರಲಿಲ್ಲ. ಮಧ್ಯಾಹ್ನದ ಆಟ ಮುಗಿಯುವವರೆಗೂ ತಾನು ಇಲ್ಲೇ ಕೂರುತ್ತೇನೆ ಎಂದ. ಡಾಕ್ಟರಿಗೆ ಆಸ್ಪತ್ರೆಯಲ್ಲಿ ಡ್ಯೂಟಿಯಿತ್ತು, ಅವರು ಹೊರಟುಹೋದರು.

ಪುಟ್ಟಸ್ವಾಮಿಯ ಹೆಂಡತಿ ಲೀಲಾವತಿ ಹೀರೋನನ್ನು ಒಂದು ಕ್ಷಣ ನೋಡಿದಳು, ಗಂಡನನ್ನು ಇನ್ನೊಂದು ಕ್ಷಣ ನೋಡಿದಳು. "ಇಬ್ರೂ ಹೀಗೇ ಮುಖ ಮುಖ ನೋಡ್ಕೊಂಡು ಕೂತಿರ್ತೀರಾ? ಟಿವಿಡೇಲ್‌ಗೆ ಹೋಗಿ ಅಲ್ಲಿನ ದೇವಸ್ಥಾನದ ಬಾಲಾಜಿಗೆ ಒಂದು ಅರ್ಚನೆ ಮಾಡಿಸ್ಕೊಂಡು ಬನ್ನಿ. ಅಷ್ಟರಲ್ಲಿ ಅಡುಗೆ ಮಾಡ್ತೀನಿ," ಎಂದಳು.

ದಾರಿಯಲ್ಲಿ ಬರ್ಮಿಂಗ್‌ಹ್ಯಾಮ್ ಎಂಬ ಫಲಕ ಕಂಡಾಗಲೆಲ್ಲ ಸಾರಂಗ್ ಸ್ಟೀಯರಿಂಗ್ ಮೇಲೆ ಕೈಯಿಡುತ್ತಿದ್ದ. ಹಾಗೂ ಹೀಗೂ ದೇವಸ್ಥಾನ ತಲುಪಿದರು. ಅರ್ಚಕರು ಯಾರ ಹೆಸರಿಗೆ ಅರ್ಚನೆ ಎಂದು ಕೇಳಿದರು. ಸಾರಂಗ್ ಚಿತ್ರದ ಹೆಸರು ಹೇಳಿದ. ನಕ್ಷತ್ರ ಯಾವುದೆಂದು ಕೇಳಿದರು. "ಶುಕ್ರವಾರ," ಎಂದ. ಇಂಗ್ಲೆಂಡಿಗೆ ಬಂದು ಬಹಳ ವರ್ಷಗಳಾಗಿದ್ದ ಅರ್ಚಕರು ಇದಕ್ಕಿಂತ ವಿಚಿತ್ರವಾದವನ್ನೂ ಕೇಳಿದ್ದರು. ಅದನ್ನೇ ಮಂತ್ರಕ್ಕೆ ಸೇರಿಸಿ ಮಂಗಳಾರತಿ ಎತ್ತಿದರು.

ಪ್ರಸಾದದ ಸಾಲಿನಲ್ಲಿ ಜನ ಸಾರಂಗ್‌ನನ್ನು ಗುರುತಿಸಿದರು. ಇಲ್ಲಿಗೇಕೆ ಬಂದಿರಿ ಎಂದು ಕೇಳಿದ್ದೇ ತಡ, ಅವನು ಎಲ್ಲವನ್ನೂ ಹೇಳಿಬಿಟ್ಟ. ಪುಟ್ಟಸ್ವಾಮಿಯ ಪರಿಚಯದ ಮಹೇಶ ಪುಳಿಯೋಗರೆಯ ತಟ್ಟೆ ಹಿಡಿದು ಹತ್ತಿರ ಬಂದ.

"ಈಗ ಅರ್ಥ ಆಯ್ತು ನೋಡಿ! ನನ್ನ ಡ್ರೈವಿಂಗ್ ಟೆಸ್ಟ್ ದಿನ ಬೆಳಿಗ್ಗೆ ಫೋನ್ ಮಾಡಿ ಆಲ್ ದಿ ಬೆಸ್ಟ್ ಹೇಳಿದ್ದು ಇವರೇ. ಫೇಲ್!"

"ನೀನು ಕೆಂಪು ದೀಪ ದಾಟಿದೆಯಲ್ಲೋ!" ಎಂದ ಪುಟ್ಟಸ್ವಾಮಿ.

"ಯಾಕೆ ದಾಟಿದೆ ಅಂತ ನನಗೇ ಗೊತ್ತಿರಲಿಲ್ಲ. ಈಗ ಗೊತ್ತಾಯ್ತು."

ರತ್ನಮ್ಮ ಎಂಬ ಹಿರಿಯಾಕೆ ನಿಟ್ಟುಸಿರು ಬಿಟ್ಟರು. "ನಾವು ಮನೆ ಮಾರೋಕೆ ಬೋರ್ಡ್ ಹಾಕಿದಾಗ ಮೊದ್ಲು ಬಂದು ಚೆನ್ನಾಗಿದೆ ಅಂದಿದ್ದು ನೀನೇ ಅಲ್ವಾ ಪುಟ್ಟಸ್ವಾಮಿ? ಆ ಬೋರ್ಡಿನ ಮೇಲೆ ಈಗ ಪಾಚಿ ಕಟ್ಟಿದೆ. ನಿನ್ನ ಮನಸ್ಸು ಚಿನ್ನದಂಥದ್ದಪ್ಪಾ. ಕಣ್ಣು ಮಾತ್ರ..." ಎಂದು ನಿಲ್ಲಿಸಿ, ತಮ್ಮ ತಟ್ಟೆಯನ್ನು ಸೆರಗಿನಿಂದ ಮುಚ್ಚಿಕೊಂಡರು.

ಪುಟ್ಟಸ್ವಾಮಿ ಪ್ರಸಾದ ಬಿಟ್ಟು ಕಾರು ಹತ್ತಿದ. ವರ್ಷಗಟ್ಟಲೆ ಇವರೆಲ್ಲರನ್ನೂ ವಿಮಾನ ನಿಲ್ದಾಣದಿಂದ ಕರೆತಂದವನು, ಮನೆ ಬದಲಿಸುವಾಗ ಸೋಫಾ ಹೊತ್ತವನು ಅವನೇ. ಅದು ಯಾರಿಗೂ ನೆನಪಾಗಲಿಲ್ಲ.

ಮನೆಯಲ್ಲಿ ಬಿಸಿಬೇಳೆಬಾತ್ ಕಾಯುತ್ತಿತ್ತು. ಸಾರಂಗ್ ಮೂರು ಸಲ ಹಾಕಿಸಿಕೊಂಡ. ಪುಟ್ಟಸ್ವಾಮಿ ಮಾತ್ರ ಗಡಿಯಾರ ನೋಡುತ್ತ ಅನ್ನ ಕಲಸುತ್ತಿದ್ದ.

"ಇಷ್ಟು ಹೊತ್ತಿಗೆ ಟೈಟಲ್ ಬರ್ತಿತ್ತು ಸರ್," ಎಂದ, ಅಳು ತಡೆದುಕೊಂಡು. "ನೀವು ಬರೋದು ಹೇಗೆ ಈ ಸಲ? ಬೈಕಿನಲ್ಲೋ, ಕುದುರೆಯಲ್ಲೋ?"

ಹೊಟ್ಟೆ ತುಂಬಿದ ಕಲಾವಿದನ ಮನಸ್ಸು ಕರಗಿತು. "ಹೆಲಿಕಾಪ್ಟರಿನಲ್ಲಿ," ಎಂದ ಸಾರಂಗ್. ಎದ್ದು ನಿಂತು, ಸೋಫಾದ ಮೇಲಿನಿಂದ ಕಾರ್ಪೆಟ್ಟಿಗೆ ಹಾರಿ ತೋರಿಸಿದ.

ಹಾರಿದ ಮೇಲೆ ಅವನನ್ನು ನಿಲ್ಲಿಸುವುದು ಯಾರಿಂದಲೂ ಸಾಧ್ಯವಿರಲಿಲ್ಲ. ನಾಯಕಿಯನ್ನು ಕಂಡ ದೃಶ್ಯ ಬಂತು, ಕಿಟಕಿಯ ಪರದೆ ನಾಯಕಿಯಾಯಿತು. ಖಳನಾಯಕನ ಪಾತ್ರವನ್ನೂ ತಾನೇ ಮಾಡಿ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡ. ಮಧ್ಯಂತರಕ್ಕೆ ಲೀಲಾವತಿ ಟೀ, ಚಕ್ಕುಲಿ ಕೊಟ್ಟಳು. ಎರಡನೆಯ ಅರ್ಧದಲ್ಲಿ ತಾಯಿಯ ಮುಂದೆ ಅತ್ತ. ತಾಯಿಯ ಜಾಗದಲ್ಲಿ ನಿಂತಿದ್ದ ಲೀಲಾವತಿಯೂ ಅತ್ತಳು. ಕೊನೆಗೆ ಎದೆಗೆ ಗುಂಡು ತಗುಲಿಸಿಕೊಂಡು, ಟಿವಿ ಸ್ಟ್ಯಾಂಡಿನ ಪಕ್ಕ ಬಿದ್ದು, ತುಂಬಾ ಹೊತ್ತು ತೆಗೆದುಕೊಂಡು ಸತ್ತ. ಪುಟ್ಟಸ್ವಾಮಿ ಕಣ್ಣೊರೆಸಿಕೊಂಡು ಶಿಳ್ಳೆ ಹೊಡೆದ. ಅವನಿಗೆ ಅಂಥ ಸುಖ ಯಾವ ಥಿಯೇಟರಿನಲ್ಲೂ ಸಿಕ್ಕಿರಲಿಲ್ಲ.

ಅದೇ ಹೊತ್ತಿಗೆ ಶಾಲೆ ಮುಗಿಸಿ ಬಂದ ಮಗಳು ಕೃತಿ ಬಾಗಿಲಲ್ಲೇ ನಿಂತಳು. "ಡ್ಯಾಡ್, ಈಸ್ ದಟ್ ಅಂಕಲ್ ಓಕೆ?"

ಅವಳ ಹಿಂದೆಯೇ ಡ್ಯೂಟಿ ಮುಗಿಸಿ ಬಂದ ಡಾಕ್ಟರು ಒಳಗೆ ಇಣುಕಿದರು. "ಏನು ನಡೀತಿದೆ ಇಲ್ಲಿ?"

"ಪೂರ್ತಿ ಪಿಕ್ಚರ್ ತೋರಿಸಿಬಿಟ್ರು ಡಾಕ್ಟ್ರೇ! ಒಂದು ಸೀನೂ ಬಿಡಲಿಲ್ಲ!" ಎಂದ ಪುಟ್ಟಸ್ವಾಮಿ ಸಂಭ್ರಮದಿಂದ.

"ಅಂದ್ರೆ... ನೀವು ನೋಡಿಬಿಟ್ರಿ," ಎಂದರು ಡಾಕ್ಟರು.

ಸತ್ತಿದ್ದ ಸಾರಂಗ್ ಕಣ್ಣು ಬಿಟ್ಟ. ಅಷ್ಟರಲ್ಲಿ ಅವನ ಮೊಬೈಲ್ ಬಡಿದುಕೊಂಡಿತು. ಬೊಂಬಾಯಿಯಿಂದ ಅವನ ಮ್ಯಾನೇಜರ್. ಸಾರಂಗ್ ಮಲಗಿದಲ್ಲೇ ಕೇಳಿಸಿಕೊಂಡ.

"ಬಿತ್ತು," ಎಂದ. "ಮಧ್ಯಂತರದಲ್ಲಿ ಎದ್ದು ಹೋದವರು ವಾಪಸ್ಸು ಬಂದಿಲ್ಲವಂತೆ."

"ಸರ್, ಬೊಂಬಾಯಿಯಲ್ಲಿ ಈಗಾಗಲೇ ರಾತ್ರಿ," ಎಂದ ಪುಟ್ಟಸ್ವಾಮಿ ಗಾಬರಿಯಿಂದ. "ನೀವು ಸೋಫಾ ಹತ್ತೋದಕ್ಕೆ ಮುಂಚೇನೇ ಅಲ್ಲಿ ಎರಡು ಆಟ ಮುಗಿದಿತ್ತು. ನಾನು ಹೇಗೆ ಕಾರಣ ಆಗ್ತೀನಿ?"

ಡಾಕ್ಟರು ತಲೆ ಅಲ್ಲಾಡಿಸಿದರು. ಸ್ವಂತ ಹೆಂಡತಿಯೂ ಬೇರೆ ಕಡೆ ನೋಡಿದಳು. ಸಾರಂಗ್ ಮಾತ್ರ ಬಯ್ಯಲಿಲ್ಲ. ಎದ್ದು ಕೂತು ಮತ್ತೆ ಫೋನ್ ಕಿವಿಗಿಟ್ಟು, ಸುಮಾರು ಹೊತ್ತು ಹ್ಞೂಂ ಹ್ಞೂಂ ಎಂದ.

"ಇನ್ನೊಬ್ಬ ನಿರ್ಮಾಪಕರು ಚಿತ್ರದಲ್ಲಿ ನಾನು ಸಾಯುವ ದೃಶ್ಯ ನೋಡಿ ಮೆಚ್ಚಿದರಂತೆ," ಎಂದ ಕೊನೆಗೆ. "ಅಪ್ಪನ ಪಾತ್ರ ಕೊಟ್ಟಿದ್ದಾರೆ. ಬೇರೆ ದಾರಿಯಿಲ್ಲ, ಒಪ್ಪಿಕೊಂಡೆ."

ಪುಟ್ಟಸ್ವಾಮಿ ಅವನ ಕಾಲಿಗೆ ಬಿದ್ದ. "ಕ್ಷಮಿಸಿ ಸರ್. ಇನ್ನು ನಾನು ನಿಮ್ಮ ಯಾವ ಪಿಕ್ಚರೂ ನೋಡಲ್ಲ. ಆಣೆ ಮಾಡ್ತೀನಿ."

"ಛೇ ಛೇ!" ಎಂದು ಸಾರಂಗ್ ಅವನನ್ನು ಎತ್ತಿ, ಬಾಗಿಲವರೆಗೂ ಹೆಗಲ ಮೇಲೆ ಕೈಹಾಕಿಕೊಂಡು ನಡೆದ. "ಈ ಚಿತ್ರಕ್ಕೆ ನೀವು ಬರಲೇಬೇಕು. ಬೊಂಬಾಯಿಗೇ ಬನ್ನಿ, ವಿಮಾನದ ಟಿಕೆಟ್ ನಾನು ಕಳಿಸುತ್ತೇನೆ. ಮೊದಲ ದಿನ, ಮೊದಲ ಆಟ, ನನ್ನ ಪಕ್ಕದ ಸೀಟು. ನಾನು ಅಪ್ಪನಾದ ಮೊದಲ ಚಿತ್ರವೇ ಮಲಗಿಬಿಟ್ಟರೆ, ಇನ್ನು ಯಾವ ನಿರ್ಮಾಪಕನೂ ನನ್ನನ್ನು ಅಪ್ಪನನ್ನಾಗಿ ಮಾಡುವ ಧೈರ್ಯ ಮಾಡುವುದಿಲ್ಲ."

ಸಾರಂಗ್ ತಾನಾಗಿ ಪಕ್ಕದ ಸೀಟಿಗೆ ಕರೆಯಲಿ ಎಂದು ಕಾಲೇಜು ದಿನಗಳಿಂದ ಕನಸು ಕಂಡವನು ಪುಟ್ಟಸ್ವಾಮಿ.

"ಸರ್," ಎಂದ ಕ್ಷೀಣವಾಗಿ, "ಅಕಸ್ಮಾತ್ ಪಿಕ್ಚರ್ ಚೆನ್ನಾಗಿ ಓಡಿಬಿಟ್ಟರೆ?"

"ನಿಮ್ಮ ಮೇಲೆ ನನಗೆ ಪೂರ್ತಿ ನಂಬಿಕೆಯಿದೆ ತಮ್ಮಾ," ಎಂದು ಸಾರಂಗ್ ಅವನ ಬೆನ್ನು ತಟ್ಟಿ, ಡಾಕ್ಟರ ಕಾರು ಹತ್ತಿದ.